ಬಚ್ಚಲಲ್ಲೇ 16×20: ಮನೆಯಲ್ಲಿ ದೊಡ್ಡ ಕಪ್ಪು-ಬಿಳುಪು ಪ್ರಿಂಟ್ ಮಾಡಲು ಡಾರ್ಕ್‌ರೂಮ್ ಕಟ್ಟುವ ಬಗೆ

8×10 ಇಂಚಿನ ಪ್ರಿಂಟ್ ಯಾರು ಬೇಕಾದರೂ ಬಚ್ಚಲಲ್ಲಿ ಮಾಡಬಹುದು. ಕಮೋಡ್ ಮೇಲೊಂದು ಹಲಗೆ, ನೆಲದ ಮೇಲೆ ಮೂರು ಟ್ರೇ, ಒಂದು ಕೆಂಪು ಬಲ್ಬು, ಮುಗಿಯಿತು. 16×20ಕ್ಕೆ ಕೈ ಹಾಕಿದಾಗಲೇ ಮನೆ ಎಷ್ಟು ಚಿಕ್ಕದು ಅಂತ ಗೊತ್ತಾಗುವುದು. ಕಾಗದ ನಾಲ್ಕು ಪಟ್ಟು ದೊಡ್ಡದಾಗುತ್ತದೆ, ತಪ್ಪುಗಳೂ ಅದರ ಜತೆಗೇ ಬೆಳೆಯುತ್ತವೆ. ಚಿಕ್ಕ ಪ್ರಿಂಟಿನಲ್ಲಿ ಕಣ್ಣಿಗೇ ಬೀಳದ ಧೂಳಿನ ಕಣ ಇಲ್ಲಿ ಸಾಸಿವೆ ಕಾಳಿನಂತೆ ಕೂತಿರುತ್ತದೆ, ಅಲ್ಲಿ ಶಾರ್ಪ್ ಅನಿಸಿದ್ದ ಮೂಲೆ ಇಲ್ಲಿ ಮಂಜು ಮಂಜು.

ನಾನು ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದನ್ನು ಮಾಡುತ್ತೇನೆ. ಶುರುವಿನಲ್ಲಿ ಎಲ್ಲರ ಹಾಗೆ ನಾನೂ ಲೆನ್ಸ್‌ಗೇ ದುಡ್ಡು ಸುರಿದೆ. ಆಮೇಲೆ ತಿಳಿಯಿತು, ಲೆನ್ಸ್‌ಗಿಂತ ಮೇಜು ಮುಖ್ಯ. ಮೇಜು ಅಲ್ಲಾಡಿದರೆ ಎಂಥ ಲೆನ್ಸ್ ಇದ್ದರೂ ಅಷ್ಟೇ. ಹಾಗಾಗಿ ಈ ಲೇಖನದಲ್ಲಿ ಕಲ್ಲು, ಬೆಳಕಿನ ಕಿಂಡಿ, ನೀರಿನ ವಿಷಯ ಜಾಸ್ತಿ. ಯಾವ ಕಂಪನಿಯ ಯಾವ ಮಾಡೆಲ್ ಅನ್ನುವುದು ಕಮ್ಮಿ.

ಮೊದಲು ಜಾಗ

ಒಂದೇ ಕೋಣೆಯಲ್ಲಿ ಎಲ್ಲವೂ ಇರಬೇಕು ಅಂತೇನೂ ಇಲ್ಲ. ನನ್ನ ಎನ್‌ಲಾರ್ಜರ್, ಅಂದರೆ ನೆಗೆಟಿವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಯಂತ್ರ, ಮಲಗುವ ಕೋಣೆಯ ಮೂಲೆಯಲ್ಲಿದೆ, ಟ್ರೇಗಳು ಅದಕ್ಕೇ ಅಂಟಿಕೊಂಡ ಬಚ್ಚಲಲ್ಲಿವೆ. ಒಣ ಕೆಲಸ ಒಂದು ಕಡೆ, ಒದ್ದೆ ಕೆಲಸ ಇನ್ನೊಂದು ಕಡೆ. ಒಂದೇ ಕೋಣೆ ಇದ್ದರೂ ಇವೆರಡನ್ನೂ ಎದುರು ಬದುರು ಗೋಡೆಗೆ ಇಡಿ. ಒದ್ದೆ ಕೈಯಲ್ಲಿ ಎನ್‌ಲಾರ್ಜರ್ ಸ್ವಿಚ್ ಮುಟ್ಟುವ ಪರಿಸ್ಥಿತಿ ಬರಲೇಬಾರದು. ಆ ಪಾಯಿಂಟಿಗೆ ಅರ್ಥಿಂಗ್ ಸರಿ ಇದೆಯಾ, ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಇದರಲ್ಲಿ ಚೌಕಾಸಿ ಬೇಡ.

ಕತ್ತಲೆ ಮಾಡುವ ಸುಲಭ ಉಪಾಯ ರಾತ್ರಿ ಕೆಲಸ ಮಾಡುವುದು. ಬೀದಿ ದೀಪ ತಡೆದರೆ ಸಾಕು, ಸೂರ್ಯನ ಜತೆ ಗುದ್ದಾಡಬೇಕಿಲ್ಲ. ಕಿಟಕಿಯ ಅಳತೆಗೆ ಥರ್ಮೋಕೋಲ್ ಹಾಳೆ ಕತ್ತರಿಸಿ, ಹೊರಗಿನ ಬದಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಒಳಗಿನ ಬದಿಗೆ ಕಪ್ಪು ಚಾರ್ಟ್ ಪೇಪರ್ ಅಂಟಿಸಿ, ಚೌಕಟ್ಟಿಗೆ ಒತ್ತಿ ಕೂರಿಸಿ. ಬಾಗಿಲ ಕೆಳಗಿನ ಸಂದಿಗೆ ಹಳೆ ಪಂಚೆ ಸುತ್ತಿ ತುರುಕಿ. ಗಾಳಿಗೆ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು, ಅದಕ್ಕೆ ರಟ್ಟಿನಲ್ಲಿ ಎರಡು ತಿರುವಿನ ಗೂಡು ಮಾಡಿ ಒಳಗೆಲ್ಲ ಮ್ಯಾಟ್ ಕಪ್ಪು ಬಣ್ಣ ಬಳಿದರೆ ಗಾಳಿ ಹೋಗುತ್ತದೆ, ಬೆಳಕು ಬರುವುದಿಲ್ಲ.

ಆಮೇಲೆ ದೀಪ ಆರಿಸಿ ಸುಮ್ನೆ ಹತ್ತು ನಿಮಿಷ ಕೂತುಕೊಳ್ಳಿ. ಮೊದಲ ಎರಡು ನಿಮಿಷ ಏನೂ ಕಾಣುವುದಿಲ್ಲ, ಭಲೇ ಕತ್ತಲೆ ಅನಿಸುತ್ತದೆ. ಐದನೇ ನಿಮಿಷಕ್ಕೆ ಬಾಗಿಲ ಕೀಲಿನ ಹತ್ತಿರ ಒಂದು ಗೆರೆ, ಎಂಟನೇ ನಿಮಿಷಕ್ಕೆ ಸ್ವಿಚ್ ಬೋರ್ಡಿನ ಇಂಡಿಕೇಟರ್, ಗೀಸರ್ ದೀಪ, ವೈಫೈ ಡಬ್ಬಿ, ಒಂದೊಂದೇ ಹೊರಗೆ ಬರುತ್ತವೆ. ಎಲ್ಲಕ್ಕೂ ಕಪ್ಪು ಇನ್ಸುಲೇಷನ್ ಟೇಪ್. ನನ್ನ ಮೊದಲ ನಾಲ್ಕು ದೊಡ್ಡ ಪ್ರಿಂಟುಗಳ ಒಂದು ಅಂಚು ಬೂದು ಬೂದಾಗಿ ಬಂದವು, ಕಾಗದ ಹಳೆಯದು ಅಂತ ಅಂಗಡಿಯವರನ್ನು ಬೈದುಕೊಂಡೆ. ಕಳ್ಳ ಸಿಕ್ಕಿದ್ದು ಬಚ್ಚಲಿನ ವಾಷಿಂಗ್ ಮಷೀನಿನಲ್ಲಿ, ಅಕ್ಕಿ ಕಾಳಿನಷ್ಟು ನೀಲಿ ದೀಪ. ಈ ಕಾಗದಗಳಿಗೆ ಕೆಂಪು ಕಾಣುವುದಿಲ್ಲ, ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ.

ಸೇಫ್‌ಲೈಟ್

ಸೇಫ್‌ಲೈಟ್ ಅಂದರೆ ಕಾಗದವನ್ನು ಕೆಡಿಸದ ಕೆಂಪು ದೀಪ. ಅದಕ್ಕೆ ಅಂಗಡಿಯಲ್ಲಿ ಸಿಗುವ ಕೆಂಪು ಎಲ್‌ಇಡಿ ಬಲ್ಬು ಆಗುತ್ತದಾ? ಕೆಲವು ಆಗುತ್ತವೆ, ಕೆಲವು ಕೈ ಕೊಡುತ್ತವೆ. ಬಿಳಿ ಎಲ್‌ಇಡಿ ಮೇಲೆ ಕೆಂಪು ಪ್ಲಾಸ್ಟಿಕ್ ಹಾಕಿದ್ದು ಬೇಡ. ಹಳೆಯ ಸಿಡಿ ಇದ್ದರೆ ಅದರ ಬೆನ್ನಿನಲ್ಲಿ ಬಲ್ಬಿನ ಪ್ರತಿಬಿಂಬ ನೋಡಿ: ಕೆಂಪು ಪಟ್ಟೆ ಮಾತ್ರ ಕಂಡರೆ ಒಳ್ಳೆಯದು, ಹಸಿರೋ ನೀಲಿಯೋ ಇಣುಕಿದರೆ ವಾಪಸ್ಸು. ದೀಪ ಟ್ರೇಯಿಂದ ನಾಲ್ಕು ಅಡಿ ದೂರ, ಗೋಡೆಗೋ ಸೂರಿಗೋ ಮುಖ ಮಾಡಿರಲಿ.

ಆದರೂ ಪರೀಕ್ಷೆ ಮಾಡಲೇಬೇಕು, ಯಾಕೆಂದರೆ ದೊಡ್ಡ ಕಾಗದ ಸೇಫ್‌ಲೈಟಿನ ಕೆಳಗೆ ಜಾಸ್ತಿ ಹೊತ್ತು ಇರುತ್ತದೆ. ಖಾಲಿ ಕಾಗದದ ಮೇಲೆ ನಾಣ್ಯ ಇಟ್ಟು ನೋಡುವುದನ್ನು ಎಲ್ಲರೂ ಹೇಳುತ್ತಾರೆ, ಅದು ಸಾಲದು. ಬೆಳಕೇ ತಗಲದ ಕಾಗದ ಒಂದು ಮಟ್ಟದವರೆಗೆ ತಡೆದುಕೊಂಡು ಏನೂ ತೋರಿಸುವುದಿಲ್ಲ. ಪೂರ್ತಿ ಕತ್ತಲೆಯಲ್ಲಿ, ಸೇಫ್‌ಲೈಟನ್ನೂ ಆರಿಸಿ, ಮೊದಲು ಎನ್‌ಲಾರ್ಜರಿನಿಂದ ತೆಳು ಬೂದು ಬರುವಷ್ಟು ಬೆಳಕು ಕೊಡಿ. ಅದರ ಮೇಲೆ ನಾಣ್ಯ ಸಾಲಾಗಿಟ್ಟು, ಸೇಫ್‌ಲೈಟ್ ಹಾಕಿ, ಎಂಟು ನಿಮಿಷ ಬಿಟ್ಟು ಡೆವಲಪ್ ಮಾಡಿ. ನಾಣ್ಯದ ಗುರುತು ಬಂದರೆ ದೀಪ ದೂರ ಸರಿಸಿ ಅಥವಾ ಬದಲಿಸಿ.

ಎನ್‌ಲಾರ್ಜರ್, ಲೆಕ್ಕ, ಮತ್ತು ಕಡಪ ಕಲ್ಲು

ಹಳೆಯ ಸ್ಟುಡಿಯೋಗಳು ಮುಚ್ಚುವಾಗ ಎನ್‌ಲಾರ್ಜರ್‌ಗಳು ಗುಜರಿ ಬೆಲೆಗೆ ಹೋಗುತ್ತವೆ. ಡರ್ಸ್ಟ್, ಮೆಯೊಪ್ಟಾ, ಒಮೆಗಾ ಯಾವ ಕಂಪನಿಯದ್ದಾದರೂ ಆಗಲಿ, ನೋಡಬೇಕಾದ್ದು ಕಂಬ ನೆಟ್ಟಗಿದೆಯಾ, ತಲೆಯ ಭಾಗ ಜಾರದೆ ನಿಲ್ಲುತ್ತದಾ, ಲೆನ್ಸ್ ಹಿಂದಿನ ಮಡಿಕೆ ಚೀಲದಲ್ಲಿ, ಅಂದರೆ ಬೆಲ್ಲೋಸ್‌ನಲ್ಲಿ, ತೂತಿದೆಯಾ ಅಂತ. ಲೆನ್ಸಿನೊಳಗೆ ಬೂಷ್ಟು ಹಿಡಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ನಮ್ಮ ಮಳೆಗಾಲದಲ್ಲಿ ಅದು ಬರದಿದ್ದರೇ ಆಶ್ಚರ್ಯ. 35 ಎಂ.ಎಂ. ನೆಗೆಟಿವ್‌ಗೆ 50 ಎಂ.ಎಂ. ಲೆನ್ಸ್, 6×6 ಸೆ.ಮೀ. ನೆಗೆಟಿವ್‌ಗೆ 80, 4×5 ಇಂಚಿನ ನೆಗೆಟಿವ್‌ಗೆ 135 ಅಥವಾ 150.

ಈಗ ಸ್ವಲ್ಪ ಲೆಕ್ಕ. 36 ಎಂ.ಎಂ. ಉದ್ದದ ನೆಗೆಟಿವನ್ನು 20 ಇಂಚಿಗೆ ಹಿಗ್ಗಿಸಿದರೆ ಅದು 14 ಪಟ್ಟು. 50 ಎಂ.ಎಂ. ಲೆನ್ಸ್ ಇದ್ದರೆ ನೆಗೆಟಿವಿನಿಂದ ಕಾಗದಕ್ಕೆ ಸುಮಾರು 80 ಸೆ.ಮೀ. ಬೇಕು. ಅದೇ ನೆಗೆಟಿವ್‌ಗೆ 80 ಎಂ.ಎಂ. ಲೆನ್ಸ್ ಹಾಕಿದರೆ 130 ಸೆ.ಮೀ. ಹತ್ತಿರ ಹೋಗುತ್ತದೆ, ಚಿಕ್ಕ ಎನ್‌ಲಾರ್ಜರಿನ ಕಂಬ ಅಷ್ಟೆತ್ತರ ಇರುವುದಿಲ್ಲ. 6×6 ನೆಗೆಟಿವ್ ಇರುವವರು ಪುಣ್ಯವಂತರು, 16 ಇಂಚಿಗೆ ಏಳು ಪಟ್ಟು ಹಿಗ್ಗಿಸಿದರೆ ಸಾಕು, ಗ್ರೇನ್, ಅಂದರೆ ಚಿತ್ರದಲ್ಲಿ ಕಾಣುವ ಕಾಳು ಕಾಳು, ಕೂಡ ಕಮ್ಮಿ.

ಕಂಬ ಸಾಲದಿದ್ದರೆ ಎರಡು ದಾರಿ. ಕಂಬವನ್ನು ಹಿಂದುಮುಂದಾಗಿ ತಿರುಗಿಸಿ, ಮೇಜಿನ ಅಂಚಿನಿಂದ ಆಚೆ ನೆಲಕ್ಕೆ ಬೆಳಕು ಬೀಳಿಸುವುದು ಒಂದು. ಹಾಗೆ ಮಾಡುವಾಗ ಬುಡದ ಹಲಗೆಯ ಮೇಲೆ ಭಾರ ಇಡದಿದ್ದರೆ ಇಡೀ ಯಂತ್ರ ಮುಗ್ಗರಿಸುತ್ತದೆ. ನಮ್ಮ ಮನೆಯಲ್ಲಿ 25 ಕೆಜಿ ಅಕ್ಕಿ ಮೂಟೆಗೆ ಆ ಕೆಲಸ. ಇನ್ನೊಂದು ದಾರಿ, ತಲೆ ಅಡ್ಡ ತಿರುಗುವ ಎನ್‌ಲಾರ್ಜರ್ ಆದರೆ ಗೋಡೆಗೆ ಬಿಡುವುದು. ಗೋಡೆಗೊಂದು ಕಬ್ಬಿಣದ ತಗಡು ಹೊಡೆದು ಕಾಗದವನ್ನು ಆಯಸ್ಕಾಂತದಿಂದ ಹಿಡಿಸಿದರಾಯಿತು. ಅಮೆರಿಕದ ಹೆಸರಾಂತ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಕ್ಯಾಲಿಫೋರ್ನಿಯಾದ ತನ್ನ ಮನೆಯಲ್ಲಿ ಭಾರೀ ಪ್ರಿಂಟುಗಳನ್ನು ಮಾಡುತ್ತಿದ್ದದ್ದು ಹೀಗೇ, ಅಡ್ಡ ಮಲಗಿಸಿದ ಎನ್‌ಲಾರ್ಜರಿನಿಂದ.

ನಾನು ಬುಡದಲ್ಲಿ ಕಡಪ ಕಲ್ಲು ಹಾಕಿದ್ದೇನೆ. ಅಡುಗೆಮನೆ ಕಟ್ಟೆಗೆ ಕಲ್ಲು ಕೊಯ್ಯುವ ಅಂಗಡಿಯಲ್ಲಿ ತುಂಡುಗಳು ಕಮ್ಮಿ ಬೆಲೆಗೆ ಸಿಗುತ್ತವೆ. ಮರದ ಗಟ್ಟಿ ಮೇಜು, ಮೇಲೊಂದು ಹಳೆ ಸೈಕಲ್ ಟ್ಯೂಬಿನ ಪಟ್ಟಿ, ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಎನ್‌ಲಾರ್ಜರ್. ಕೆಳಗಿನ ಮನೆಯವರು ಮಿಕ್ಸಿ ಹಾಕಿದರೂ ಬೆಳಕು ನಡುಗುವುದಿಲ್ಲ. ಸಂಪಿನ ಮೋಟಾರ್ ಹಾಕಿದಾಗ ಮಾತ್ರ ಕಾಯುತ್ತೇನೆ.

ಅಲೈನ್‌ಮೆಂಟ್ ಮಾತು ಬಂದರೆ ಜನ ಹೆದರುತ್ತಾರೆ. ಗಾರೆ ಕೆಲಸದವರ ರಸಮಟ್ಟ ಇದ್ದರೆ ಸಾಕು. ಬುಡ, ನೆಗೆಟಿವ್ ಇಡುವ ತಟ್ಟೆ, ಲೆನ್ಸ್ ಹಲಗೆ, ಮೂರೂ ಎರಡೂ ದಿಕ್ಕಿನಲ್ಲಿ ಒಂದೇ ಮಟ್ಟಕ್ಕೆ ಬರಬೇಕು. ಆಮೇಲೆ ಕೆಟ್ಟುಹೋದ ಒಂದು ಕಪ್ಪು ನೆಗೆಟಿವ್ ತೆಗೆದುಕೊಂಡು ನಡುವೆ ಮತ್ತು ನಾಲ್ಕು ಮೂಲೆಗೆ ಸೂಜಿಯಿಂದ ಗೀರಿ, ಅದನ್ನು ಪ್ರೊಜೆಕ್ಟ್ ಮಾಡಿ. ನಡುವಿನ ಗೀರು ಶಾರ್ಪ್ ಇದ್ದು ಒಂದು ಮೂಲೆ ಮಾತ್ರ ಮಂಕಾದರೆ ಆ ಕಡೆ ವಾಲಿದೆ ಅಂತ ಅರ್ಥ. ಇಸ್ಪೀಟು ಎಲೆ ಮಡಿಸಿ ಕೆಳಗೆ ಕೊಟ್ಟು ಸರಿ ಮಾಡಿ. ಅರ್ಧ ದಿನ ಹೋಗುತ್ತದೆ. ಹೋಗಲಿ.

ಕರೆಂಟಿನ ಬಗ್ಗೆ ಒಂದು ಮಾತು. ತಂತಿ ಬಲ್ಬಿನ ಎನ್‌ಲಾರ್ಜರ್ ಆದರೆ ವೋಲ್ಟೇಜ್ ಶೇ. 10 ಇಳಿದಾಗ ಬೆಳಕು ಹೆಚ್ಚುಕಮ್ಮಿ ಶೇ. 30 ಇಳಿಯುತ್ತದೆ. ಸಂಜೆ ಏಳಕ್ಕೆ ಮಾಡಿದ ಟೆಸ್ಟ್ ಸ್ಟ್ರಿಪ್ (ಎಷ್ಟು ಸೆಕೆಂಡ್ ಬೆಳಕು ಬೇಕು ಅಂತ ನೋಡುವ ಕಾಗದದ ಪಟ್ಟಿ) ರಾತ್ರಿ ಹನ್ನೊಂದಕ್ಕೆ ಸುಳ್ಳಾಗುವುದು ಇದರಿಂದಲೇ. ಒಂದು ಸ್ಟೆಬಿಲೈಸರ್ ಇಡಿ.

ಟ್ರೇ ಎಲ್ಲಿಂದ

16×20ರ ಟ್ರೇ ಒಂದರ ಒಳಗಳತೆ ಅಂದಾಜು 42×53 ಸೆ.ಮೀ. ಒಂದು ಸೆ.ಮೀ. ಆಳ ನೀರು ನಿಲ್ಲಬೇಕಾದರೆ 2.2 ಲೀಟರ್. ನಾನು 3 ಲೀಟರ್ ಹಾಕುತ್ತೇನೆ. ಅಸಲಿ ಟ್ರೇಗಳು ದುಬಾರಿ. ಪ್ಲೈವುಡ್ ತಳಕ್ಕೆ ಮೂರು ಇಂಚಿನ ಪಟ್ಟಿ ಹೊಡೆದು, ಒಳಗೆ ದಪ್ಪ ಟಾರ್ಪಾಲಿನ್ ಮೂಲೆ ಮಡಿಸಿ ಹಾಸಿ, ಹೊರಗಡೆ ಮೊಳೆ ಹೊಡೆದರೆ ಟ್ರೇ ರೆಡಿ. ಒಳಗಡೆ ಮೊಳೆ ಬೇಡ, ತುಕ್ಕು ಪ್ರಿಂಟಿಗೆ ಹತ್ತುತ್ತದೆ.

ಬಚ್ಚಲಲ್ಲಿ ಮೂರು ಟ್ರೇ ಪಕ್ಕಪಕ್ಕ ಹಿಡಿಸುವುದಿಲ್ಲ. ಸಾಮಾನು ಜೋಡಿಸುವ ಕಬ್ಬಿಣದ ತೂತಿನ ರ‍್ಯಾಕ್ ತಂದು ಒಂದರ ಮೇಲೊಂದು ಇಡಿ: ಮೇಲೆ ಚಿತ್ರ ಮೂಡಿಸುವ ಡೆವಲಪರ್, ನಡುವೆ ಅದರ ಕೆಲಸ ನಿಲ್ಲಿಸುವ ಸ್ಟಾಪ್, ಕೆಳಗೆ ಚಿತ್ರವನ್ನು ಉಳಿಸುವ ಫಿಕ್ಸರ್. ಇದನ್ನು ತಿರುಗಾಮುರುಗ ಮಾಡಬೇಡಿ. ಡೆವಲಪರ್ ಹನಿ ಫಿಕ್ಸರಿಗೆ ಬಿದ್ದರೆ ದೊಡ್ಡ ನಷ್ಟವಿಲ್ಲ, ಫಿಕ್ಸರ್ ಹನಿ ಡೆವಲಪರಿಗೆ ಬಿದ್ದರೆ ಆ ರಾತ್ರಿಯ ಕೆಲಸ ಮುಗಿಯಿತು.

ಅಷ್ಟೂ ಜಾಗ ಇಲ್ಲವೆನ್ನುವವರಿಗೆ ಪಿವಿಸಿ ಪೈಪು. ಆರು ಇಂಚಿನ ಪೈಪಿನ ಒಳ ಸುತ್ತಳತೆ ಸುಮಾರು 48 ಸೆ.ಮೀ., ಕಾಗದದ 16 ಇಂಚು ಅಂದರೆ 40.6 ಸೆ.ಮೀ., ಮೈ ಮೇಲೆ ಮೈ ಬೀಳದೆ ಒಳಗೆ ಕೂರುತ್ತದೆ. 55 ಸೆ.ಮೀ. ಉದ್ದ ಕೊಯ್ಯಿಸಿ ಎರಡೂ ಕಡೆ ಮುಚ್ಚಳ ಹಾಕಿ, 250 ಮಿ.ಲೀ. ದ್ರವ ಸುರಿದು ನೆಲದ ಮೇಲೆ ಲಟ್ಟಣಿಗೆ ಹಾಗೆ ಉರುಳಿಸಿ. ಪ್ಲಾಸ್ಟಿಕ್ ಲೇಪದ ಆರ್‌ಸಿ ಕಾಗದಕ್ಕೆ ಇದು ಚೆನ್ನ. ಪ್ಲಾಸ್ಟಿಕ್ ಲೇಪವಿಲ್ಲದ ಫೈಬರ್ ಕಾಗದ ಪೈಪಿಗೆ ಅಂಟಿಕೊಂಡು ಗೋಳು ಹೊಯ್ದುಕೊಳ್ಳುತ್ತದೆ.

ಕೆಮಿಕಲ್

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಇದ್ದ ಕಾಲದಲ್ಲಿ ‘ಇಂದು’ ಕಾಗದ ನಮ್ಮ ಊರೂರಿನ ಸ್ಟುಡಿಯೋಗಳಲ್ಲಿ ಓಡಾಡುತ್ತಿತ್ತು. ಈಗ ಕಾಗದ ಎಂದರೆ ಇಂಗ್ಲೆಂಡಿನ ಇಲ್ಫರ್ಡ್ ಇಲ್ಲವೇ ಚೆಕ್ ದೇಶದ ಫೋಮಾ, ಎರಡೂ ಆಮದು, ಎರಡೂ ದುಬಾರಿ. ಅದಕ್ಕೇ ಕೆಮಿಕಲ್‌ನಲ್ಲಾದರೂ ಉಳಿಸೋಣ. ಬಾಟಲಿ ಡೆವಲಪರ್ ಸಿಕ್ಕರೆ ಒಂದಕ್ಕೆ ಒಂಬತ್ತು ನೀರು ಬೆರೆಸಿ ಬಳಸಿ, ತಲೆನೋವಿಲ್ಲ. ಸಿಗದಿದ್ದರೆ ಕೊಡಕ್‌ನ ಹಳೆಯ ಡಿ-72 ಸೂತ್ರ ಇದೆ, ಲ್ಯಾಬ್ ಕೆಮಿಕಲ್ ಅಂಗಡಿಯಲ್ಲಿ ಎಲ್ಲ ಸಿಗುತ್ತದೆ. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ, 50 ಡಿಗ್ರಿ ಹತ್ತಿರ, ಇದೇ ಕ್ರಮದಲ್ಲಿ: ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45 ಗ್ರಾಂ, ಹೈಡ್ರೋಕ್ವಿನೋನ್ 12 ಗ್ರಾಂ, ನೀರಿನಂಶ ಇಲ್ಲದ ಸೋಡಿಯಂ ಕಾರ್ಬೊನೇಟ್ 67.5 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 2 ಗ್ರಾಂ. ಒಂದು ಪೂರ್ತಿ ಕರಗಿದ ಮೇಲೇ ಇನ್ನೊಂದು. ಸಲ್ಫೈಟ್ ಮೊದಲು ಹಾಕಿಬಿಟ್ಟರೆ ಮೆಟಾಲ್ ಕರಗದೆ ಹಟ ಮಾಡುತ್ತದೆ. ಕೊನೆಗೆ ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ. ಬಳಸುವಾಗ ಇದಕ್ಕೆ ಎರಡು ಲೀಟರ್ ನೀರು, ನೋಡಿ, ಸರಿಯಾಗಿ ನಮ್ಮ 3 ಲೀಟರ್ ಟ್ರೇಗೆ ಬಂತು.

ಮೆಟಾಲ್ ಕೆಲವರ ಕೈಗೆ ತುರಿಕೆ ತರುತ್ತದೆ, ಒಮ್ಮೆ ಶುರುವಾದರೆ ಬಿಡುವುದಿಲ್ಲ. ಕೈಗವಸು ಹಾಕಿ. ಪುಡಿ ತೂಗುವಾಗ ಮಾಸ್ಕ್. ತೂಗುವ ಚಮಚ, ಪಾತ್ರೆ ಅಡುಗೆಮನೆಗೆ ವಾಪಸ್ ಹೋಗಬಾರದು, ಮಕ್ಕಳಿರುವ ಮನೆಯಾದರೆ ಬೀರುವಿಗೆ ಬೀಗ.

ಸ್ಟಾಪ್ ಬಾತ್‌ಗೆ ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಲೀಟರಿಗೆ 15 ಗ್ರಾಂ. ಅಸಿಟಿಕ್ ಆಸಿಡ್‌ಗಿಂತ ಇದೇ ವಾಸಿ, ಸಣ್ಣ ಬಚ್ಚಲಲ್ಲಿ ಮೂಗು ಉರಿಯುವುದಿಲ್ಲ. ಫಿಕ್ಸರಿಗೆ ರ‍್ಯಾಪಿಡ್ ಫಿಕ್ಸರ್ ಒಂದಕ್ಕೆ ನಾಲ್ಕು ನೀರು. ಅಥವಾ ಹಳೆಯ ಹೈಪೊ (ಸೋಡಿಯಂ ಥಯೋಸಲ್ಫೇಟ್) ಹರಳು, ಲೀಟರಿಗೆ 250 ಗ್ರಾಂ. ಹೈಪೊ ಕರಗುವಾಗ ನೀರು ಐಸಿನಂತೆ ತಣ್ಣಗಾಗುತ್ತದೆ, ಬಿಸಿ ನೀರಿನಲ್ಲೇ ಶುರು ಮಾಡಿ.

ಬೋರ್‌ವೆಲ್ ಗಡಸು ನೀರಿನಲ್ಲಿ ಡೆವಲಪರ್ ಕಲಸಬೇಡಿ, ಬಿಳಿ ಗಸಿ ಕೂರುತ್ತದೆ. ಕುಡಿಯುವ ಫಿಲ್ಟರ್ ನೀರು ಬಳಸಿ. ಉಷ್ಣತೆ 20 ಡಿಗ್ರಿ ಅಂತ ಎಲ್ಲೆಡೆ ಬರೆದಿರುತ್ತದೆ, ಏಪ್ರಿಲ್‌ನಲ್ಲಿ ನಮ್ಮ ಮಾಳಿಗೆ ಟ್ಯಾಂಕಿನ ನೀರು 20 ಡಿಗ್ರಿ ಇರುತ್ತದಾ? ನೀರು ತುಂಬಿ ಫ್ರೀಜರಿನಲ್ಲಿಟ್ಟ ಎರಡು ಬಾಟಲಿಗಳನ್ನು ಡೆವಲಪರ್ ಟ್ರೇಯಲ್ಲಿ ಹತ್ತು ನಿಮಿಷ ತೇಲಿಸಿ ತೆಗೆಯಿರಿ. 24ರ ತನಕ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಅದಕ್ಕಿಂತ ಮೇಲೆ ಫೈಬರ್ ಕಾಗದದ ಮೈ ಮೆತ್ತಗಾಗಿ ಉಗುರು ತಾಗಿದರೂ ಗೀರು ಬೀಳುತ್ತದೆ.

ಪ್ರಿಂಟ್ ಮಾಡುವ ರಾತ್ರಿ

ಮೊದಲು ಅದೇ ನೆಗೆಟಿವಿನ 8×10 ಮಾಡಿ. ಎಲ್ಲಿ ಕಪ್ಪು ಮಾಡಬೇಕು, ಎಲ್ಲಿ ಬೆಳಗಿಸಬೇಕು, ಯಾವ ಕಾಂಟ್ರಾಸ್ಟ್ ಫಿಲ್ಟರ್ (ಕಪ್ಪು-ಬಿಳುಪಿನ ಅಂತರ ಹೆಚ್ಚುಕಮ್ಮಿ ಮಾಡುವ ಬಣ್ಣದ ಹಾಳೆ) ಬೇಕು, ಎಲ್ಲ ತೀರ್ಮಾನ ಅಲ್ಲೇ ಆಗಲಿ, ಕಾಗದದ ಖರ್ಚು ಕಾಲು ಭಾಗ. ಆಮೇಲೆ ಎತ್ತರಿಸಿ. 7 ಪಟ್ಟಿನಿಂದ 14 ಪಟ್ಟಿಗೆ ಹೋದಾಗ ಬೆಳಕು ಕೊಡುವ ಸಮಯ ನಾಲ್ಕು ಪಟ್ಟಾಗುತ್ತದೆ ಅಂತ ಅನಿಸುತ್ತದೆ ಅಲ್ವಾ? ಲೆಕ್ಕ ಹಾಕುವಾಗ ಎಷ್ಟು ಪಟ್ಟೋ ಆ ಸಂಖ್ಯೆಗೆ ಒಂದು ಕೂಡಿಸಿ ವರ್ಗ ಮಾಡಬೇಕು: 15ನ್ನು 8ರಿಂದ ಭಾಗಿಸಿ ವರ್ಗ ಮಾಡಿದರೆ 3.5. ಅಲ್ಲಿ 10 ಸೆಕೆಂಡ್ ಆಗಿದ್ದರೆ ಇಲ್ಲಿ 35. ಇದು ಅಂದಾಜಷ್ಟೇ, ಒಂದು ಹಾಳೆಯನ್ನು ಎರಡಿಂಚಿನ ಪಟ್ಟಿಗಳಾಗಿ ಕತ್ತರಿಸಿಟ್ಟುಕೊಂಡು ಚಿತ್ರದ ಮುಖ್ಯ ಜಾಗಗಳಲ್ಲಿ ಇಟ್ಟು ಖಚಿತ ಮಾಡಿಕೊಳ್ಳಿ. ಕಾಂಟ್ರಾಸ್ಟ್ ಕೂಡ ಸಾಮಾನ್ಯವಾಗಿ ಅರ್ಧ ಗ್ರೇಡ್ ಏರಿಸಬೇಕಾಗುತ್ತದೆ, ದೊಡ್ಡದಾದಾಗ ಚಿತ್ರ ಸಪ್ಪೆ ಅನಿಸುತ್ತದೆ.

35 ಸೆಕೆಂಡ್ ದೀಪ ಉರಿದರೆ ನೆಗೆಟಿವ್ ಬಿಸಿಯಾಗಿ ಹಪ್ಪಳದ ಹಾಗೆ ಉಬ್ಬುತ್ತದೆ, ಫೋಕಸ್ ಹೋಗುತ್ತದೆ. ಗಾಜಿನ ಕ್ಯಾರಿಯರ್ ಇದ್ದರೆ ಉಬ್ಬುವುದಿಲ್ಲ, ಆದರೆ ಧೂಳು ಕೂರಲು ನಾಲ್ಕು ಮೈ ಜಾಸ್ತಿಯಾಯಿತು. ಗಾಜಿಲ್ಲದಿದ್ದರೆ ದೀಪ ಹಾಕಿ ಅರ್ಧ ನಿಮಿಷ ಬಿಸಿ ಮಾಡಿ, ಉಬ್ಬಿದ ಮೇಲೆ ಗ್ರೇನ್ ಫೋಕಸರ್‌ನಿಂದ (ಗ್ರೇನನ್ನು ದೊಡ್ಡದಾಗಿ ತೋರಿಸುವ ಭೂತಗನ್ನಡಿ) ಫೋಕಸ್ ಮಾಡಿ, ತಣ್ಣಗಾಗುವ ಮೊದಲೇ ಕಾಗದ ಇಟ್ಟು ಎಕ್ಸ್‌ಪೋಸ್ ಮಾಡಿ. ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಫ್/8. ಕಾಗದ ಇಟ್ಟ ಮೇಲೆ ಹತ್ತು ಎಣಿಸಿ, ಆಮೇಲೆ ಸ್ವಿಚ್, ಆ ಹೊತ್ತಿನಲ್ಲಿ ಕೋಣೆಯಲ್ಲಿ ಓಡಾಡಬೇಡಿ. ಫೋನಿನಲ್ಲಿ ಸೆಕೆಂಡ್ ಎಣಿಸುವ ಆಪ್ ಬಳಸುವವರು ಫೋನನ್ನು ಪರದೆ ಕೆಳಗೆ ಮಾಡಿ ಬಟ್ಟೆ ಚೀಲದಲ್ಲಿಟ್ಟು ಟಿಕ್ ಟಿಕ್ ಮಾತ್ರ ಕೇಳಿ. ರಾತ್ರಿ ಹನ್ನೆರಡಕ್ಕೆ ಬರುವ ಗುಡ್ ನೈಟ್ ಮೆಸೇಜು ಒಂದು ಹಾಳೆ ನುಂಗಿದೆ ನನ್ನದು.

ಡೆವಲಪರಿಗೆ ಕಾಗದ ಬಿಡುವುದು ಒಂದು ಕೈಚಳಕ. ಟ್ರೇಯ ಒಂದು ಅಂಚು ಎತ್ತಿ ದ್ರವವನ್ನು ಆಚೆ ಕಡೆ ಸರಿಸಿ, ಈ ಕಡೆ ಕಾಗದ ಮಲಗಿಸಿ, ಟ್ರೇ ಇಳಿಸಿ. ದ್ರವ ಒಂದೇ ಅಲೆಯಲ್ಲಿ ಪೂರ್ತಿ ಹರಿಯಬೇಕು, ತಡೆದರೆ ಅಲ್ಲೊಂದು ಗೆರೆ. ಆರ್‌ಸಿ ಕಾಗದಕ್ಕೆ ಒಂದು ನಿಮಿಷ, ಫೈಬರ್‌ಗೆ ಎರಡರಿಂದ ಮೂರು; ಆ ಹೊತ್ತು ಟ್ರೇಯ ಮೂಲೆಗಳನ್ನು ಸರದಿಯಲ್ಲಿ ಎತ್ತಿ ಇಳಿಸುತ್ತಿರಿ. ಎತ್ತುವಾಗ ಎದುರುಬದುರು ಎರಡು ಮೂಲೆ ಹಿಡಿಯಿರಿ. ಒದ್ದೆ ಫೈಬರ್ ಕಾಗದ ನೆನೆದ ಪಂಚೆಯಷ್ಟು ಭಾರ, ಒಂದೇ ಮೂಲೆ ಹಿಡಿದರೆ ಅರ್ಧಚಂದ್ರದ ಮಡಿಕೆ ಬಿದ್ದು ಮತ್ತೆ ಹೋಗುವುದಿಲ್ಲ. ಸ್ಟಾಪ್‌ನಲ್ಲಿ ಅರ್ಧ ನಿಮಿಷ. ರ‍್ಯಾಪಿಡ್ ಫಿಕ್ಸರ್‌ನಲ್ಲಿ ಒಂದು ನಿಮಿಷ, ಹೈಪೊ ಆದರೆ ಎಂಟು ಹತ್ತು ನಿಮಿಷ. ನೀರು ಬೆರೆಸಿದ ಒಂದು ಲೀಟರ್ ರ‍್ಯಾಪಿಡ್ ಫಿಕ್ಸರ್ ಸುಮಾರು ಹತ್ತು 16×20 ಫೈಬರ್ ಹಾಳೆಗೆ ಸಾಕಾಗುತ್ತದೆ, ಎಷ್ಟಾಯಿತು ಅಂತ ಡಬ್ಬಿ ಮೇಲೆ ಗೀಟು ಹಾಕಿ.

ತೊಳೆಯುವುದು, ಒಣಗಿಸುವುದು

ಆರ್‌ಸಿಗೆ ಎರಡು ನಿಮಿಷ ನಲ್ಲಿ ನೀರು, ಮುಗಿಯಿತು. ಫೈಬರ್ ಕಾಗದ ಫಿಕ್ಸರ್ ಹೀರಿಕೊಂಡಿರುತ್ತದೆ, ಸುಮ್ನೆ ಹರಿವ ನೀರಿನಲ್ಲಿ ಇಟ್ಟರೆ ಒಂದು ಗಂಟೆ ಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ನಿಂತ ಮೇಲೆ ಆ ಧೈರ್ಯ ನನಗಿಲ್ಲ. ಐದು ನಿಮಿಷ ತೊಳೆದು, ಲೀಟರಿಗೆ 20 ಗ್ರಾಂ ಸೋಡಿಯಂ ಸಲ್ಫೈಟ್ ಹಾಕಿದ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಆಮೇಲೆ ಟ್ರೇ ತುಂಬ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಹೀಗೆ ಆರು ಸಲ. ಆ ಕೊನೆಯ ನೀರು ಬಚ್ಚಲು ತೊಳೆಯಲು ಆಗುತ್ತದೆ.

ಒಣಗಿಸಲು ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಮರದ ಚೌಕಟ್ಟಿಗೆ ಬಿಗಿದು, ಫೈಬರ್ ಪ್ರಿಂಟನ್ನು ಮುಖ ಕೆಳಗೆ ಮಾಡಿ ಹಾಕಿ. ಫ್ಯಾನ್ ಬೇಡ, ಧೂಳು ಹಿಡಿಯುತ್ತದೆ. ಮರುದಿನ ಅದು ಸುರುಳಿ ಸುತ್ತಿಕೊಂಡಿರುತ್ತದೆ, ಎರಡು ದಪ್ಪ ರಟ್ಟಿನ ನಡುವೆ ಇಟ್ಟು ಮೇಲೆ ಮಿಕ್ಕ ಕಡಪ ಕಲ್ಲು ಹೇರಿ ಒಂದು ವಾರ ಮರೆತುಬಿಡಿ. ಒಣಗಿದ ಫೈಬರ್ ಪ್ರಿಂಟ್ ಒದ್ದೆ ಇದ್ದಾಗಿಗಿಂತ ಒಂದು ಛಾಯೆ ಕಪ್ಪಾಗುತ್ತದೆ, ಹಾಗಾಗಿ ಟ್ರೇಯಲ್ಲಿ ಸ್ವಲ್ಪ ಬಿಳಿಚಿದ ಹಾಗೆ ಕಂಡರೇ ಸರಿ.

ಬಳಸಿದ ಫಿಕ್ಸರನ್ನು ಮೋರಿಗೆ ಚೆಲ್ಲಬೇಡಿ, ಗಿಡಕ್ಕಂತೂ ಬೇಡವೇ ಬೇಡ, ಅದರಲ್ಲಿ ಕರಗಿದ ಬೆಳ್ಳಿ ಇದೆ. ಎಕ್ಸ್‌ರೇ ಸೆಂಟರುಗಳ ಹಳೆ ಫಿಕ್ಸರ್ ಕೊಂಡು ಬೆಳ್ಳಿ ತೆಗೆಯುವವರು ಇರುತ್ತಾರೆ, ಹತ್ತಿರದ ಎಕ್ಸ್‌ರೇಯವರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ನಾನು 20 ಲೀಟರ್ ಕ್ಯಾನಿನಲ್ಲಿ ಕೂಡಿಟ್ಟು ತುಂಬಿದ ಮೇಲೆ ಕೊಟ್ಟು ಬರುತ್ತೇನೆ. ಕ್ಯಾನಿನ ಮೇಲೆ ದಪ್ಪ ಅಕ್ಷರದಲ್ಲಿ ‘ವಿಷ’ ಅಂತ ಬರೆದಿಡಿ, ಕುಡಿಯುವ ನೀರಿನ ಕ್ಯಾನೂ ಅದೇ ಥರ ಇರುತ್ತದೆ.